ಪರಲೋಕ ಯಾವ ಹೋಬಳಿ?

ಕಾನಸೂರಿನಲ್ಲಿ ಬಸ್ಸು ಹತ್ತಿದಾಗಿನಿಂದ ಪಾಸ್ಕುವಿನ ಕಣ್ಣು ಎದುರಿನ ಕಿಟಕಿಯ ಮೇಲಿದ್ದ ಬರಹವನ್ನು ಬಿಟ್ಟು ಆಚೀಚೆ ಸರಿದಿರಲಿಲ್ಲ. ‘ತುರ್ತು ನಿರ್ಗಮನ’ ಎಂದು ಬರೆಯಹೊರಟ ಯಾವನೋ ಪುಣ್ಯಾತ್ಮ ಮೊದಮೊದಲ ಅಕ್ಷರಗಳನ್ನು ಗುಂಡಗುಂಡಗೆ ದೊಡ್ಡದಾಗಿ ಬರೆದು, ಇದ್ದ ಜಾಗವನ್ನೆಲ್ಲ ಮುಗಿಸಿಕೊಂಡು, ಕೊನೆಯ ‘ನ’ವನ್ನು ಚೌಕಟ್ಟಿನ ಸಂದಿಗೆ ತುರುಕಿದ್ದ. ಬೋರ್ಡು ಬರೆಯುವವನು ಮೊದಲು ಗುರುತು ಹಾಕಬೇಕಾದ್ದು ಕೊನೆಯ ಅಕ್ಷರಕ್ಕೆ. ಅದು ಎಲ್ಲಿ ಕೂರಬೇಕು ಎಂದು ಗೊತ್ತಾದ ಮೇಲೆ ಮೊದಲಿನದಕ್ಕೆ ಬ್ರಷ್ಷು ಹಚ್ಚಬೇಕು. ಮೂವತ್ತೈದು ವರ್ಷ ಲಾರಿಯ ಬೆನ್ನು, ಅಂಗಡಿಯ ಹಣೆ, ಶಾಲೆಯ ಗೋಡೆ ಎಲ್ಲದರ ಮೇಲೂ ಬರೆದ ಪಾಸ್ಕು, ಅಂದರೆ ಪಾಸ್ಕಲ್ ಗುಡಿನ್ಹೊ, ಯಾರು ಕೇಳಿದರೂ ಹೇಳುವ ಮಾತು ಇದು. ಕೇಳದಿದ್ದರೂ ಹೇಳುವ ಮಾತು. ಈಗ ಫ್ಲೆಕ್ಸು ಬಂದು ಕೇಳುವವರೂ ಕಮ್ಮಿಯಾಗಿದ್ದಾರೆ. ಅಂಥ ಅಳತೆಯ ಮನುಷ್ಯ ನಾಲ್ಕೇ ನಾಲ್ಕು ಅಕ್ಷರದ ಒಂದು ಪದ ಬರೆದು, ಇರುವ ಮನೆಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದ. ಎರಡು ಸೀಟು ಮುಂದೆ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಕ್ಲಾರಾ ಕೂತಿದ್ದಳು. ಹನ್ನೊಂದು ದಿನದಿಂದ ಅವಳು ಅವನ ಹತ್ತಿರ ಮಾತಾಡಿರಲಿಲ್ಲ. ಹಿಂದಿನಿಂದ ಕಾಣುತ್ತಿದ್ದ ಅವಳ ತುರುಬು ಕೂಡ ಮಾತು ಬಿಟ್ಟ ಹಾಗೆಯೇ ಇತ್ತು.

ಹನ್ನೊಂದು ದಿನದ ಹಿಂದೆ ಬಂದು ಈಗ ಜೇಬಿನಲ್ಲಿದ್ದ ಸಿದ್ದಾಪುರದ ಕಚೇರಿಯ ಕಾಗದವನ್ನು ಅವನು ತೆಗೆಯಲಿಲ್ಲ, ಬರೀ ಮುಟ್ಟಿ ನೋಡಿದ. ಅದರಲ್ಲಿದ್ದದ್ದು ಬಾಯಿಪಾಠವಾಗಿತ್ತು. ‘ಅರ್ಜಿದಾರರು ತಮ್ಮ ಖಾಯಂ ವಿಳಾಸ ಪರಲೋಕ ಎಂದು ಸ್ವತಃ ನಮೂದಿಸಿದ್ದು, ಸದರಿ ಅರಣ್ಯ ಜಾಗದಲ್ಲಿ ಖಾಯಂ ವಾಸವಿಲ್ಲವೆಂದು ಕಂಡುಬರುವುದರಿಂದ ಅರ್ಜಿಯನ್ನು ಏಕೆ ಮುಕ್ತಾಯಗೊಳಿಸಬಾರದು?’ ತಪ್ಪೇನಿದೆ ಇದರಲ್ಲಿ, ಸರಿಯಾಗಿಯೇ ಕೇಳಿದ್ದಾರೆ. ಅಜ್ಜ ಸಾಂತಾನ್ ಗುಡಿನ್ಹೊ ಮರ ಕೊಯ್ಯಲೆಂದು ಘಟ್ಟ ಹತ್ತಿ ಬಂದವನು, ಕೊಯ್ದು ಮುಗಿದ ಮೇಲೂ ಇಳಿದು ಹೋಗದೆ ಗುಡ್ಡದ ಬುಡದಲ್ಲಿ ಒಂದು ಗುಡಿಸಲು ಹಾಕಿಕೊಂಡ. ಈಗ ಅಲ್ಲಿ ಹನ್ನೆರಡು ಮನೆ, ಹನ್ನೆರಡೂ ಕಾಡಿನ ಜಾಗದ ಮೇಲೆ. ಮೂರು ತಲೆಮಾರು ಅಲ್ಲೇ ಖಾಯಂ ಇದ್ದೇವೆ ಎಂದು ತೋರಿಸಿದವರಿಗೆ ಜಾಗ ಅವರ ಹೆಸರಿಗೆ. ತೋರಿಸದವರನ್ನು ಯಾವತ್ತಾದರೊಂದು ದಿನ ಏಳಿ ಎನ್ನಬಹುದು. ಪಾಸ್ಕು ಅಜ್ಜನ ಗೋರಿಯ ಮೇಲಿನ ಚಿರೆಕಲ್ಲಿನ ಶಿಲುಬೆಯ ಫೋಟೋ ತೆಗೆಸಿ ಅರ್ಜಿಗೆ ಲಗತ್ತಿಸಿದ್ದ. ಇಸವಿ ಸ್ಪಷ್ಟವಾಗಿ ಕಾಣುತ್ತಿತ್ತು. ಬದುಕಿದ್ದಕ್ಕೆ ಸಾಕ್ಷಿ ಹೇಳಲು ಸತ್ತವನೇ ಬರಬೇಕಾಯಿತಲ್ಲ ಎಂದು ಆಗ ಅವನಿಗೆ ನಗು ಬಂದಿತ್ತು. ನಕ್ಕಿದ್ದು ಆಗಲೇ ಹೆಚ್ಚಾಗಿತ್ತು ಅಂತ ಕಾಣುತ್ತದೆ.

ಇದಕ್ಕೆಲ್ಲ ಮೂಲ ಶಿರಸಿಯ ಇಗರ್ಜಿಯಲ್ಲಿ ನಡೆದ ಮೂರು ದಿನದ ಧ್ಯಾನಕೂಟ. ಪ್ರಸಂಗ ಮಾಡಲು ಘಟ್ಟದ ಕೆಳಗಿನಿಂದ ಬಂದಿದ್ದ ಫಾದರ್ ಒಂದು ಕಡೆ ನಿಲ್ಲುವವರಲ್ಲ. ಮೈಕು ಹಿಡಿದು ಬೆಂಚುಗಳ ನಡುವೆ ಓಡಾಡುತ್ತ, ಒಬ್ಬೊಬ್ಬರ ಮುಖದ ಹತ್ತಿರ ಬಗ್ಗಿ ಕೇಳುತ್ತಿದ್ದರು. ‘ಇಲ್ಲಿ ನೀವು ಎಷ್ಟು ದಿನ? ಅರವತ್ತು ವರ್ಷ? ಎಂಬತ್ತು? ಅದು ವಿಳಾಸವೇನ್ರಿ, ಅದು ಬಸ್ ಸ್ಟ್ಯಾಂಡು. ನಿಮ್ಮ ಖಾಯಂ ವಿಳಾಸ ಯಾವುದು?’ ಜನ ‘ಪರಲೋಕ’ ಎಂದರು. ‘ಕೇಳಲಿಲ್ಲ.’ ಜನ ಇನ್ನೂ ಜೋರಾಗಿ ಪರಲೋಕ ಎಂದರು. ‘ನಿತ್ಯಜೀವವನ್ನು ಕಣ್ಣೆದುರು ಇಟ್ಟುಕೊಂಡು ಇವತ್ತಿನ ದಿನ ಬದುಕಿ. ಕೊನೆಯದನ್ನು ಮೊದಲು ನೋಡಿ’ ಎಂದಾಗ ಪಾಸ್ಕು ನೆಟ್ಟಗೆ ಕೂತ. ಕೊನೆಯ ಅಕ್ಷರಕ್ಕೆ ಮೊದಲು ಗುರುತು ಹಾಕುವುದು ತನ್ನ ಕಸುಬಿನ ಗುಟ್ಟು, ಈ ಫಾದರಿಗೆ ಯಾರು ಹೇಳಿದರು? ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ಪಾಸ್ಕು ಬಲಗೈ ಎತ್ತಿ, ಸಾಲದೆಂದು ಎಡಗೈಯನ್ನೂ ಎತ್ತಿದ. ಹತ್ತು ನಿಮಿಷ ಕಳೆದು ನೋಡುತ್ತಾನೆ, ಕೈ ಎತ್ತಿದವರೆಲ್ಲ ಊಟದ ಹಾಲ್‌ನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ನೂಕಾಡುತ್ತಿದ್ದಾರೆ. ಅವನಿಗೆ ಬಹಳ ಬೇಜಾರಾಯಿತು. ತಾನೊಬ್ಬನಾದರೂ ಮರೆಯಬಾರದು ಎಂದುಕೊಂಡು ಬಿಸಿಲಿನಲ್ಲಿ ನಿಂತೇ ಉಂಡ.

ಅದೇ ವಾರ ಕೇರಿಯ ಅರ್ಜಿಗಳನ್ನೆಲ್ಲ ತುಂಬುವ ಕೆಲಸ ಅವನ ಪಾಲಿಗೆ ಬಂತು. ಅಕ್ಷರ ಚೆನ್ನಾಗಿರುವವನಿಗೆ ಇದು ತಪ್ಪಿದ್ದಲ್ಲ. ಹನ್ನೊಂದು ಮನೆಯ ಹನ್ನೊಂದು ಅರ್ಜಿಯಲ್ಲೂ ಖಾಯಂ ವಿಳಾಸದ ಎದುರು ‘ಸದರಿ ಜಾಗವೇ’ ಎಂದು ಮುತ್ತು ಪೋಣಿಸಿದಂತೆ ಬರೆದುಕೊಟ್ಟ. ಹನ್ನೆರಡನೆಯದು ತನ್ನದು. ಜಗಲಿಯ ಮೇಲೆ ಕೂತು ಹೆಸರು, ತಂದೆಯ ಹೆಸರು, ವಯಸ್ಸು ಬರೆದು ಆ ಕಾಲಂಗೆ ಬಂದದ್ದೇ ಕೈ ನಿಂತುಬಿಟ್ಟಿತು. ಎರಡೂ ಕೈ ಎತ್ತಿದವನಲ್ಲವೇ ನೀನು? ಒಳಗೆ ಕ್ಲಾರಾ ಕಾಯಿ ತುರಿಯುತ್ತಿದ್ದ ಸದ್ದು. ಬರೆಯುವುದೋ ಬಿಡುವುದೋ ಎಂದು ಕೂತಿದ್ದಾಗ ಅವನಿಗೆ ನೆನಪಾದದ್ದು ಪ್ರಕಾಶ.

ಹನ್ನೆರಡು ವರ್ಷದ ಹಿಂದೆ ವಾನಳ್ಳಿಯ ಹೆಗಡೆಯವರ ಮನೆಯ ಗೇಟಿಗೆ ಹೆಸರು ಬರೆಯಲು ಹೋಗಿದ್ದ. ಮನೆಯ ಹೆಸರು ‘ಚಿರಂತನ’. ಯಜಮಾನರು ಎಲೆಪೆಟ್ಟಿಗೆ ಮುಂದಿಟ್ಟುಕೊಂಡು, ‘ನಿಮ್ಮ ಹೆಸ್ರು ಎಂತದು?’ ಎಂದು ಕೇಳಿದರು. ಒಳ್ಳೆಯ ಮಾತಿನಲ್ಲೇ ಕೇಳಿದ್ದು. ಪಾಸ್ಕುವಿನ ಬಾಯಿ ‘ಪಾ’ ಎಂದು ಶುರುಮಾಡಲು ಹೋಗಿ ‘ಪ್ರಕಾಶ’ ಎಂದು ಮುಗಿಸಿತು. ಯಾರೂ ಕುತ್ತಿಗೆ ಹಿಡಿದಿರಲಿಲ್ಲ. ಹಿಂದಿನ ದಿನ ಬೇರೊಂದು ಕಡೆ ಹೆಸರು ಹೇಳಿದ್ದಕ್ಕೆ ಚಾದ ಲೋಟ ಮೆಟ್ಟಿಲಿನ ಮೇಲೆ ಬಂದಿತ್ತು, ಕುಡಿದಾದ ಮೇಲೆ ಅವನೇ ತೊಳೆದು ಬೋರಲು ಹಾಕಬೇಕಾಗಿತ್ತು, ಅಷ್ಟೆ. ಅಷ್ಟಕ್ಕೆ ದೇವರು ಕೊಟ್ಟ ಹೆಸರನ್ನು, ಜ್ಞಾನಸ್ನಾನದ ನೀರು ಬಿದ್ದ ಹೆಸರನ್ನು ಬಿಟ್ಟುಕೊಟ್ಟ. ಮೂರು ದಿನ ಪ್ರಕಾಶನಾಗಿ ಅವರ ಜಗಲಿಯಲ್ಲಿ ಬಾಳೆಲೆ ಊಟ ಮಾಡಿದ. ಮೂರನೆಯ ದಿನ ಹೆಗಡೆಯವರ ಹೆಂಡತಿ, ‘ಪ್ರಕಾಶ, ಇನ್ನೊಂದು ಸ್ವಲ್ಪ ತಂಬುಳಿ ಹಾಕ್ಲಾ?’ ಎಂದಾಗ ತಿರುಗಿ ನೋಡಿದ್ದ, ಯಾರನ್ನು ಕರೆದದ್ದು ಎಂದು. ಆಮೇಲೆ ಈ ಪಾಪವನ್ನು ಬೇರೆಬೇರೆ ಮೂವರು ಫಾದರ್‌ಗಳ ಹತ್ತಿರ ನಿವೇದನೆ ಮಾಡಿಕೊಂಡಿದ್ದಾನೆ. ಮೂವರೂ ಪ್ರಾಯಶ್ಚಿತ್ತಕ್ಕೆಂದು ಕೊಟ್ಟದ್ದು ತಲಾ ಮೂರು ನಮೋ ಮರಿಯ ಜಪ. ಇಷ್ಟು ಅಗ್ಗಕ್ಕೆ ಹೋಗುವ ಪಾಪ ಇದಲ್ಲ ಎಂದು ಅವನ ಮನಸ್ಸಿನಲ್ಲಿ ಉಳಿದೇ ಹೋಯಿತು. ಯೇಸುವನ್ನು ಹಿಡಿದೊಯ್ದ ರಾತ್ರಿ ಹೆದರಿ ಅವನನ್ನು ಅರಿಯೆ ಎಂದ ಶಿಷ್ಯ ಪೇತ್ರನಿಗೆ ಕೋಳಿಯಾದರೂ ಕೂಗಿ ಎಚ್ಚರಿಸಿತ್ತು. ವಾನಳ್ಳಿಯಲ್ಲಿ ಯಾವ ಕೋಳಿ ಕೂಗಬೇಕು, ಹೆಗಡೆಯವರ ಮನೆಯಲ್ಲಿ ಕೋಳಿಯೇ ಇಲ್ಲ.

ಅದಕ್ಕೇ ಬರೆದ. ಒಂದು ಸಲ ಬಾಯಲ್ಲಿ ಸುಳ್ಳು ಹೇಳಿದವನು ಒಂದು ಸಲ ಬರಹದಲ್ಲಿ ನಿಜ ಹೇಳಿದರೆ ಸರಿಹೋಗಬಹುದು. ‘ಸ್ವರ್ಗ’ ಎಂದು ಬರೆಯಲೋ ಎಂದು ಯೋಚಿಸಿ, ಶಿರಸಿಯಲ್ಲೇ ನಾಲ್ಕು ಮನೆಗೆ ಆ ಹೆಸರನ್ನು ತಾನೇ ಬರೆದಿದ್ದು ನೆನಪಾಗಿ, ಬೇಡವೆಂದು ‘ಪರಲೋಕ’ ಎಂದೇ ಬರೆದ. ಲೋದ ದೀರ್ಘವನ್ನು ಚೆನ್ನಾಗಿ ಎಳೆದ. ಬರೆದು ಮುಗಿದಾಗ ಎದೆ ಹಗುರಾಯಿತು, ಹಸಿವೂ ಆಯಿತು.

ಸಿದ್ದಾಪುರದಲ್ಲಿ ಇಳಿದು ಕ್ಲಾರಾ ಮುಂದೆ, ಅವನು ನಾಲ್ಕು ಮಾರು ಹಿಂದೆ ನಡೆದರು. ಕಚೇರಿಯ ಮೆಟ್ಟಿಲಿನ ಪಕ್ಕ ‘ಇಲ್ಲಿ ಉಗುಳಬಾರದು’ ಎಂಬ ಬರಹ ಅವನದೇ, ಹತ್ತು ವರ್ಷದ್ದು. ಅದರ ಮೇಲೆ ಎಲೆಯಡಿಕೆಯ ಕೆಂಪು ಸರಿಯಾಗಿ ‘ಬಾರದು’ವಿನ ಮೇಲೇ ಬಿದ್ದು, ‘ಇಲ್ಲಿ ಉಗುಳ’ ಎಂದಷ್ಟೇ ಉಳಿದಿತ್ತು. ಒಳಗೆ ಬೆಂಚಿನ ಮೇಲೆ ಕೇರಿಯ ಕೆರಿಯಪ್ಪ ಆಗಲೇ ಬಂದು ಕೂತಿದ್ದ, ಅವನ ಅರ್ಜಿಗೆ ಏನೋ ಫೋಟೋ ಬೇಕಿತ್ತಂತೆ. ಕಂಪ್ಯೂಟರಿನ ಮುಂದಿದ್ದ ವಿನೋದ ಎಂಬ ಸಣಕಲು ಮನುಷ್ಯ ಕಾಗದ ನೋಡಿದವನೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

‘ಮೇಡಂ, ಪರಲೋಕದವ್ರು ಬಂದಿದಾರೆ.’

ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಒಬ್ಬ ಮುದುಕ ಜಾಗ ಬಿಟ್ಟು ಸರಿದು ಕೂತ. ಪಾಸ್ಕುವಿನ ಕಿವಿ ಬಿಸಿಯಾಯಿತು. ಕ್ಲಾರಾ ಬಾಗಿಲ ಪಕ್ಕದ ಗೋಡೆಯನ್ನು ನೋಡುತ್ತ ನಿಂತಳು, ಇವನನ್ನು ಕಂಡೇ ಗೊತ್ತಿಲ್ಲದವಳ ಹಾಗೆ.

‘ಯಜಮಾನ್ರೆ, ನಂಗೇನು ನಿಮ್ಮ ಮೇಲೆ ದ್ವೇಷ ಇಲ್ಲ,’ ಎಂದ ವಿನೋದ. ‘ಕಂಪ್ಯೂಟರ್ ತಗಳ್ತಿಲ್ಲ. ಜಿಲ್ಲೆ ಕೇಳ್ತದೆ, ತಾಲೂಕು ಕೇಳ್ತದೆ, ಹೋಬಳಿ ಕೇಳ್ತದೆ. ಪರಲೋಕ ಯಾವ ಹೋಬಳಿ?’

ಪಾಸ್ಕು ಒಂದು ಗಳಿಗೆ ನಿಜವಾಗಿಯೂ ಯೋಚಿಸಿದ. ಅಜ್ಜ, ಅಪ್ಪ, ಅವ್ವ, ನಾಲ್ಕು ವರ್ಷಕ್ಕೇ ಜ್ವರ ಬಂದು ಹೋದ ಮಗಳು ಲೀನಾ ಎಲ್ಲರೂ ಅಲ್ಲಿದ್ದಾರೆ. ಅಷ್ಟು ಜನ ನಮ್ಮವರೇ ಇರುವ ಊರಿನ ಹೋಬಳಿ ಗೊತ್ತಿಲ್ಲ ಎಂದರೆ ಹೇಗೆ? ‘ಹೋಬಳಿ ಇಲ್ಲ’ ಎಂದ ಕೊನೆಗೆ.

‘ಪಿನ್‌ಕೋಡು?’

‘ಅದೂ ಇಲ್ಲ.’

‘ಸ್ವರ್ಗ ಅಂತ ಬರ್ದಿದ್ರೆ ಮನೆ ಹೆಸ್ರು ಇರ್ಬೇಕು ಅಂತ ಬಿಟ್ಬಿಡ್ತಿದ್ವಿ, ನೋಡಿ. ಪರಲೋಕ ಅಂತ ಮನೆಗೆ ಯಾರು ಹೆಸ್ರಿಡ್ತಾರೆ?’

ಕೆರಿಯಪ್ಪನಿಗೆ ಅಷ್ಟೊತ್ತಿಗೆ ಗಾಬರಿಯಾಗಿತ್ತು. ಎದ್ದು ಬಂದು ಪಾಸ್ಕುವಿನ ತೋಳು ಹಿಡಿದ. ‘ಎಂತ ಮಾರಾಯ, ನಂದೂ ಅಲ್ಲೇ ಅಂತ ಬರ್ದಿದ್ದೀಯನ?’

‘ಇಲ್ಲ ಕೆರಿಯಪ್ಪಣ್ಣ. ನಿಂದು ಸದರಿ ಜಾಗವೇ ಅಂತ ಬರ್ದಿದ್ದೆ.’

ಕೆರಿಯಪ್ಪ ಉಸಿರು ಬಿಟ್ಟ. ಬೆಂಚಿಗೆ ಹೋಗಿ ಕೂತ. ಕೂತ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೇಳಿದ. ‘ಅಲ್ಲ, ನಂಗೆ ಅಲ್ಲಿ ಜಾಗ ಇಲ್ಲ ಅಂತ ನೀನು ಹ್ಯಾಂಗೆ ತೀರ್ಮಾನ ಮಾಡ್ದೆ?’

ಧ್ಯಾನಕೂಟದಲ್ಲೂ ಇದನ್ನು ಯಾರೂ ಕೇಳಿರಲಿಲ್ಲ. ಕಡತ ನೋಡುವ ಮೇಡಂ ಅಷ್ಟರಲ್ಲಿ ಪಾಸ್ಕುವನ್ನು ತಮ್ಮ ಮೇಜಿನ ಹತ್ತಿರ ಕರೆದರು. ನಲವತ್ತರ ಆಸುಪಾಸಿನ ಹೆಂಗಸು, ಹೆಸರಿನ ಫಲಕದಲ್ಲಿ ಪರಿಮಳಾ ಹೆಗಡೆ ಎಂದಿತ್ತು. ಫಲಕದ ‘ಳಾ’ ಸ್ವಲ್ಪ ವಾಲಿದೆ ಎನ್ನುವುದನ್ನು ಇಂಥ ಹೊತ್ತಿನಲ್ಲೂ ಅವನ ಕಣ್ಣು ಬಿಡಲಿಲ್ಲ. ಮೇಡಂ ನಗಲಿಲ್ಲ, ಅದೇ ಅವನಿಗೆ ಅಳು ಬರಿಸುವ ಹಾಗಿತ್ತು. ‘ನಿಮ್ಮ ಭಾವನೆ ನಂಗೆ ಅರ್ಥ ಆಗ್ತದೆ,’ ಎಂದರು. ‘ಆದ್ರೆ ಕಡತಕ್ಕೆ ಅರ್ಥ ಆಗ್ಬೇಕಲ್ಲ. ಬೇರೆ ಕಡೆ ಜಾಗ ಇದ್ದವ್ರ ಹತ್ರ ನಾವು ಒಂದು ಹೇಳಿಕೆ ಬರೆಸ್ಕಳ್ತೀವಿ. ಅದೇ ನಮೂನೇಲಿ ಕೊಟ್ಬಿಡಿ. ಅರ್ಜಿ ಮುಂದೆ ಹೋಗ್ತದೆ. ಇವತ್ತೇ ಕೊನೇ ದಿನ, ನಾಳೆಗೆ ಅಂದ್ರೆ ನನ್ನ ಕೈಲಿಲ್ಲ.’

ವಿನೋದ ಟೈಪು ಮಾಡಿ ಮೂರು ಪ್ರತಿ ತೆಗೆದು ತಂದ. ಕಾಗದ ಇನ್ನೂ ಬೆಚ್ಚಗಿತ್ತು. ಪಾಸ್ಕು ಓದಿದ. ‘ಈ ಮೂಲಕ ಒಪ್ಪಿ ಬರೆದುಕೊಡುವುದೇನೆಂದರೆ, ಪರಲೋಕ ಎಂಬಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಮನೆ, ಜಾಗ, ಹಕ್ಕು, ಹಿತಾಸಕ್ತಿ ಇರುವುದಿಲ್ಲ. ಇದ್ದಲ್ಲಿ ಅದನ್ನು ಈ ದಿನದಿಂದ ಬಿಟ್ಟುಕೊಟ್ಟಿರುತ್ತೇನೆ. ಮುಂದೆ ಎಂದಿಗೂ ಹಕ್ಕು ಸಾಧಿಸುವುದಿಲ್ಲ.’

ಎಂದಿಗೂ. ಈ ಪದವನ್ನು ಅವನು ನೂರಾರು ಸಲ ಬರೆದಿದ್ದಾನೆ, ‘ಸಾಲ ಎಂದಿಗೂ ಇಲ್ಲ’ ಎಂದು ಅಂಗಡಿಗಳಿಗೆ. ಈಗ ಅದು ಬೇರೆ ಪದದ ಹಾಗೆ ಕಂಡಿತು. ಇಲ್ಲಿ ಎಂದಿಗೂ ಎಂದರೆ ಅಂಗಡಿ ಮುಚ್ಚುವ ತನಕ ಅಲ್ಲ. ವಾರಸುದಾರರು ಎಂದರೆ ಯಲ್ಲಾಪುರಕ್ಕೆ ಕೊಟ್ಟ ಮಗಳು ರೀಟಾ, ಅವಳ ಮೂರು ತಿಂಗಳ ಕೂಸು. ಆ ಕೂಸಿನ ಜ್ಞಾನಸ್ನಾನದ ದಿನ ತಾನೇ ಮೊಂಬತ್ತಿ ಹಿಡಿದು ನಿಂತಿದ್ದ. ಹಲ್ಲು ಬರದ ಕೂಸಿನ ಜಾಗವನ್ನೂ ಇವನು ಬರೆದುಕೊಡಬೇಕೆ? ಅದೂ ಮೂರು ಪ್ರತಿ. ಪೇತ್ರ ಅರಿಯೆ ಎಂದದ್ದೂ ಮೂರೇ ಸಲ, ಅದೂ ಬಾಯಿಮಾತಿನಲ್ಲಿ; ಅವನ ಹತ್ತಿರ ಯಾರೂ ಸಹಿ ಕೇಳಿರಲಿಲ್ಲ. ಪಾಸ್ಕು ಪೆನ್ನು ಕೆಳಗಿಟ್ಟ. ‘ಆಗೂದಿಲ್ಲ ಮೇಡಂ’ ಎಂದ. ಧ್ವನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು ಸರಳು ಹಿಡಿದುಕೊಂಡ.

ಆಗ ಕ್ಲಾರಾ ಗೋಡೆ ಬಿಟ್ಟು ಬಂದಳು. ಮನೆಯಲ್ಲಿ ಅವರು ಮಾತಾಡುವುದು ಕೊಂಕಣಿ. ಕ್ಲಾರಾಳಿಗೆ ನಿಜವಾದ ಸಿಟ್ಟು ಬಂದಾಗ ಮಾತ್ರ ಕನ್ನಡ, ಹೊರಗಿನವರ ಹತ್ತಿರ ಮಾತಾಡಿದ ಹಾಗೆ. ಹನ್ನೊಂದು ದಿನದ ಮೌನ ಮುರಿದದ್ದು ಕನ್ನಡದಲ್ಲಿ, ಕೋಣೆಯ ತುಂಬ ಜನರ ಎದುರಿಗೆ.

‘ನಿಮಗೆ ಅಲ್ಲಿ ಮನೆ ಬೇಕು. ಬೇಡ ಅಂದವ್ರು ಯಾರು? ನಂಗೂ ಬೇಕು. ಆದ್ರೆ ನೀವು ಬೋರ್ಡು ಬರಿಲಿಕ್ಕೆ ಅಂತ ಊರೂರು ತಿರುಗ್ತಾ ಇದ್ರಿ. ಇಲ್ಲಿನ ಮನೆ ನೆಲ ಬಡ್ದವಳು ನಾನು, ಬಾವಿ ಮಣ್ಣು ಹೊತ್ತವಳು ನಾನು. ಲೀನಾ ಕಣ್ಣು ಮುಚ್ಚಿದ್ದು ಆ ಮನೆ ನಡುಕೋಣೇಲಿ. ಆ ಕೋಣೆ ಬಿಟ್ಟು ನಾನು ಎಲ್ಲಿಗೂ ಬರೂದಿಲ್ಲ.’ ಅವಳು ಉಸಿರು ತೆಗೆದುಕೊಂಡಳು. ‘ಅಲ್ಲಿ ಜಾಗದ ಚಿಂತೆ ನಿಮಗೆ ಯಾಕೆ? ಲೀನಾ ಮೊದ್ಲೇ ಹೋಗಿದ್ದಾಳಲ್ಲ. ಬಸ್ಸಿಗೆ ಮುಂದೆ ಹತ್ತಿದವ್ರು ಟವೆಲ್ ಹಾಕಿ ಸೀಟು ಹಿಡಿಯೂದಿಲ್ವಾ? ಅವಳು ಹಿಡ್ಕಂಡಿರ್ತಾಳೆ. ಯಾರು ಏಳು ಅಂದ್ರೂ ಏಳೂದಿಲ್ಲ ಅವಳು, ನನ್ನ ಮಗಳು. ಇಲ್ಲಿ ಹಿಡಿಬೇಕಾದವ್ರು ನಾವು. ಸಹಿ ಹಾಕಿ.’

ಕೆರಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಆ ಟವೆಲನ್ನೇ ಒಂದು ಸಲ ನೋಡಿ ಹೆಗಲಿಗೆ ಹಾಕಿಕೊಂಡ. ಪಾಸ್ಕುವಿಗೆ ಹೆಂಡತಿಯ ಮೇಲೆ ಉಕ್ಕಿ ಬಂದದ್ದು ಪ್ರೀತಿಯೇ. ಆದರೆ ಅವಳ ಎದುರು ತಾನು ಎಷ್ಟು ಕುಳ್ಳ ಎನ್ನುವ ನಾಚಿಕೆಯೂ ಅದರ ಜೊತೆಗೇ ಬಂತು. ಮಗಳು ತೀರಿದ ಮೇಲಿನ ಇಪ್ಪತ್ತೆರಡು ವರ್ಷದಲ್ಲಿ ಲೀನಾಳ ಹೆಸರನ್ನು ಅವಳು ಬೇರೆಯವರೆದುರು ಎತ್ತಿದ್ದು ಇದೇ ಮೊದಲು. ತಾನು ಪರಲೋಕವನ್ನು ನಂಬಿದ್ದು ಕೈ ಎತ್ತಿ, ಅಕ್ಷರ ತಿದ್ದಿ. ಇವಳು ನಂಬಿದ್ದು ಮಗಳ ಹಟವನ್ನು. ಅವನು ಮೇಜಿಗೆ ಬಂದು ಕೂತು ಮೊದಲ ಪ್ರತಿಗೆ ಸಹಿ ಹಾಕಿದ. ಎರಡನೆಯದಕ್ಕೂ ಹಾಕಿದ. ಸಹಿ ಮಾಡುವಾಗಲೂ ಅವನ ಅಕ್ಷರ ಅವಸರ ಮಾಡುವುದಿಲ್ಲ, ಬೋರ್ಡಿಗೆ ಬರೆದ ಹಾಗೆಯೇ ದಪ್ಪ ತೆಳು ನೋಡಿಕೊಂಡು ಇಳಿಯುತ್ತದೆ.

ಪರಿಮಳಾ ಮೇಡಂ ಎರಡನೆಯ ಪ್ರತಿಯನ್ನು ಕೈಗೆ ತೆಗೆದುಕೊಂಡವರು ಅದನ್ನೇ ನೋಡುತ್ತ ಕೂತರು. ಆಮೇಲೆ ಅವನ ಮುಖ ನೋಡಿದರು. ‘ಈ ಅಕ್ಷರ ನಮ್ಮನೆ ಗೇಟಿನ ಮೇಲಿದೆ. ವಾನಳ್ಳಿ. ನೀವು ಪ್ರಕಾಶ ಅಲ್ವಾ?’

ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೆ ಎಂದು ಜನ ಹೇಳುವುದು ಸುಳ್ಳಲ್ಲ. ಪಾಸ್ಕು ನೆಲ ನೋಡಿದ. ಅದು ಗಟ್ಟಿ ಟೈಲ್ಸಿನದು. ಆ ಮೂರು ದಿನ ಒಳಬಾಗಿಲಲ್ಲಿ ಪುಸ್ತಕ ಹಿಡಿದು ಓಡಾಡುತ್ತಿದ್ದ, ಯಾವುದೋ ಪರೀಕ್ಷೆಗೆ ಓದುತ್ತಿದ್ದ ಮಗಳು ಇವರೇ ಎಂದು ಈಗ ಹೊಳೆಯಿತು.

‘ಎರಡು ಹೆಸ್ರಾ?’ ವಿನೋದ ಆಗಲೇ ಕೀಲಿಮಣೆಯ ಮೇಲೆ ಬೆರಳಿಟ್ಟಿದ್ದ. ‘ಹಂಗಾದ್ರೆ ಪಾಸ್ಕಲ್ ಯಾನೆ ಪ್ರಕಾಶ ಅಂತ ಸೇರಿಸ್ಬೇಕು ಮೇಡಂ. ಇಲ್ಲಾಂದ್ರೆ ನಾಳೆ ಆ ಪ್ರಕಾಶ ಬಂದು ಪರಲೋಕ ನಂದು ಅಂದ್ರೆ?’

ಪಾಸ್ಕು ಮೂರನೆಯ ಪ್ರತಿಯ ಮೇಲೆ ಕೈ ಇಟ್ಟ. ಹೂಂ ಎಂದರೆ ಮುಗಿಯಿತು. ಯಾನೆ ಎಂಬ ಎರಡಕ್ಷರ ಸೇರಿಸಿದರೆ ಸುಳ್ಳೂ ಸರಕಾರಿ ಆಗುತ್ತದೆ, ಆಮೇಲೆ ಅದಕ್ಕೆ ಪಾಪ ನಿವೇದನೆಯೂ ಬೇಕಿಲ್ಲ. ಹಿಂದೆ ಕ್ಲಾರಾ ನಿಂತಿದ್ದಾಳೆ, ಅವಳಿಗೆ ಈ ಸಂಗತಿ ಗೊತ್ತೇ ಇಲ್ಲ. ‘ಇಲ್ಲ,’ ಎಂದ, ಈ ಸಲ ಎಲ್ಲರಿಗೂ ಕೇಳುವಷ್ಟು ಜೋರಾಗಿ. ‘ಪ್ರಕಾಶ ಅಂತ ಯಾರೂ ಇಲ್ಲ. ನಾನು ಸುಳ್ಳು ಹೇಳಿದ್ದೆ, ಮೇಡಂ. ನಾನು ಕ್ರಿಶ್ಚನ್ನರವ. ಹೆಸ್ರು ಹೇಳಿದ್ರೆ ಚಾ ಮೆಟ್ಟಿಲ ಮೇಲೆ ಬರ್ತದೆ ಅಂತ ಹೆದ್ರಿ ಹೇಳಿದ್ದು. ನಿಮ್ಮನೆ ಜಗಲೀಲಿ ಮೂರು ದಿನ ಕಳ್ಳನ ಹಾಂಗೆ ಉಂಡೆ.’

ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ‘ಅದು ನಮ್ಗೆ ಗೊತ್ತಿತ್ತು,’ ಎಂದರು.

‘ಏನು ಗೊತ್ತಿತ್ತು?’ ಎಂದ ಪಾಸ್ಕು.

‘ನೀವು ಮೊದಲ್ನೇ ದಿನ ಊಟಕ್ಕೆ ಕೂತವ್ರೇ ಹಣೆ, ಎದೆ, ಹೆಗಲು ಮುಟ್ಕಂಡ್ರಿ. ಮೂರು ದಿನವೂ. ಆಯಿ ನೋಡಿ ಒಳಗೆ ಬಂದು ಹೇಳಿದ್ಲು. ಅದಕ್ಕೆ ಅಪ್ಪಯ್ಯ, “ಅವಂಗೆ ಎಂತ ಅಡಚಣೆ ಇದ್ದೋ ಎಂತದೋ, ಕೇಳಡಿ. ಪ್ರಕಾಶ ಹೇಳೇ ಕರೆಯನ” ಅಂದ, ಕೇಳೂದು ಬೇಡ, ಪ್ರಕಾಶ ಅಂತ್ಲೇ ಕರೆಯೋಣ ಅಂತ. ಅಷ್ಟೆ. ಈಗ್ಲೂ ನಮ್ಮನೇಲಿ ಪ್ರಕಾಶ ಅಂತ್ಲೇ ಹೇಳದು.’ ಅವರು ಸ್ವಲ್ಪ ನಕ್ಕರು. ‘ಆದ್ರೆ ಒಂದು, ಚಿರಂತನದ ಚಿ ಹೋಯ್ದು. ಈಗ ಬರೀ ರಂತನ. ಬಂದು ಒಂದ್ಸಲ ತಿದ್ದಿ ಕೊಡಿ.’

ಹನ್ನೆರಡು ವರ್ಷ. ಮೂವರು ಫಾದರ್‌ಗಳು, ಒಂಬತ್ತು ನಮೋ ಮರಿಯ. ಬಾಯಿ ಅವನನ್ನು ಪ್ರಕಾಶ ಎಂದು ಮಾರಿಕೊಂಡ ಅದೇ ದಿನ, ಅದೇ ಜಗಲಿಯಲ್ಲಿ, ಕೈ ಅವನಿಗೆ ಹೇಳದೆ ಕೇಳದೆ ಹೋಗಿ ನಿಜ ಹೇಳಿ ಬಂದಿತ್ತು. ಮನೆಯವರೆಲ್ಲ ಅದನ್ನು ನೋಡಿಯೂ ಬಾಯಿಯ ಮರ್ಯಾದೆ ಉಳಿಸಿದ್ದರು. ತಂಬುಳಿ ಹಾಕುತ್ತ ‘ಪ್ರಕಾಶ’ ಎಂದ ಆ ಅಮ್ಮನ ದನಿಯಲ್ಲಿ ಸಣ್ಣದೊಂದು ನಗು ಇತ್ತೇ? ಇತ್ತು ಅಂತ ಈಗ ಅನಿಸುತ್ತದೆ. ಒಳಗಿನಿಂದ ಯಾವುದೋ ಹಳೆಯ ಭಾರ ಜಾರಿ ಬಿದ್ದ ಹಾಗೂ ಆಯಿತು, ಅದರ ಬೆನ್ನಿಗೇ ಆ ಮನೆಗೆಲ್ಲ ಗೊತ್ತಿದ್ದ ಗುಟ್ಟನ್ನು ತಾನೊಬ್ಬನೇ ಹನ್ನೆರಡು ವರ್ಷ ಹೊತ್ತು ತಿರುಗಿದೆನಲ್ಲ ಎಂದು ಮೈಯೆಲ್ಲ ಬಿಸಿಯೂ ಆಯಿತು. ಮೂರನೆಯ ಪ್ರತಿಗೆ ಅವನು ಪಾಸ್ಕಲ್ ಗುಡಿನ್ಹೊ ಎಂದು ಸಹಿ ಹಾಕಿದ, ಕೊನೆಯ ‘ನ್ಹೊ’ಗೆ ಜಾಗ ನೋಡಿಕೊಂಡೇ. ಹಾಕಿ, ತಲೆ ತಗ್ಗಿಸಿ ಕಾದ. ಕೋಳಿ ಕೂಗಲಿಲ್ಲ. ಹೊರಗೆ ರಸ್ತೆಯಲ್ಲಿ ಕುಮಟೆಯಿಂದ ಘಟ್ಟ ಹತ್ತಿ ಬಂದ ಮೀನಿನ ಗಾಡಿ ಎರಡು ಸಲ ಪೋಂ ಪೋಂ ಎಂದಿತು. ಪೇತ್ರನೂ ಮೀನಿನವನೇ ಅಲ್ಲವೇ ಎಂದುಕೊಂಡ ಪಾಸ್ಕು ಪೆನ್ನನ್ನು ವಿನೋದನಿಗೆ ವಾಪಸು ಕೊಟ್ಟ.

ವಿನೋದ ಒಂದು ಪ್ರತಿಯ ಮೇಲೆ ದುಂಡು ಮೊಹರು ಒತ್ತಿ, ಆವಕ ಸಂಖ್ಯೆ ಬರೆದು ಅವನ ಕೈಗೆ ಕೊಟ್ಟ. ಪಾಸ್ಕು, ಕ್ಲಾರಾ ಇಬ್ಬರೂ ಕಚೇರಿಯ ಎದುರಿನ ಹೋಟೆಲಿನಲ್ಲಿ ಕೂತರು. ಬನ್ಸು ಬಂತು, ಬಿಸಿಯಾಗಿತ್ತು. ಕ್ಲಾರಾ ಪ್ಲೇಟನ್ನು ಸರಿಸಿ ಆ ಕಾಗದವನ್ನು ಮೇಜಿನ ಮೇಲೆ ಹರಡಿ, ಮೊಹರಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಓದಲು ಹೊತ್ತು ಬೇಕು, ಪದ ಪದ ಬಿಡಿಸಿ ಓದಿದಳು. ಆಮೇಲೆ ಹನ್ನೊಂದು ದಿನದಲ್ಲಿ ಮೊದಲ ಸಲ ಅವನನ್ನು ಮನೆಯ ಭಾಷೆಯಲ್ಲಿ ಕರೆದಳು.

‘ಆಯ್ಕಲೇಂ?’

ಕೇಳಿತಾ ಎಂದು ಅರ್ಥ. ಮೂವತ್ತು ವರ್ಷದಿಂದ ಅವಳು ಅವನನ್ನು ಕರೆಯುವುದು ಹಾಗೆಯೇ, ಹೆಸರು ಹಿಡಿದವಳಲ್ಲ. ಅವನು ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡ. ಮುಂದಿನದನ್ನು ಅವಳು ಕೊಂಕಣಿಯಲ್ಲೇ ಹೇಳಿದಳು, ಹಿಟ್ಟು ಹದವಾಗಿದೆ ಎಂದು ಹೇಳುವಷ್ಟು ಸಹಜವಾಗಿ. ಪರಲೋಕದಲ್ಲಿ ಜಾಗ ಇರುವುದಿಲ್ಲ, ಇದ್ದಲ್ಲಿ ಬಿಟ್ಟುಕೊಟ್ಟಿದ್ದೇನೆ ಅಂತಿದೆ ಇದರಲ್ಲಿ. ಇಲ್ಲದ್ದನ್ನು ಬಿಟ್ಟುಕೊಡು ಅಂತ ಯಾರಾದರೂ ಮೂರು ಪ್ರತಿ ಬರೆಸಿಕೊಳ್ಳುತ್ತಾರಾ? ಅಂದರೆ ಇದೆ ಅಂತ ಅವರಿಗೂ ಗೊತ್ತು. ನಮ್ಮದೇ ಅಂತಲೂ ಗೊತ್ತು. ಮೊಹರು ಬೇರೆ ಒತ್ತಿದ್ದಾರೆ. ಇದನ್ನು ಅಜ್ಜನ ಗೋರಿ ಫೋಟೋದ ಜೊತೆಗೆ ಇಡಬೇಕು, ಒದ್ದೆಯಾಗದ ಕಡೆ.

ಪಾಸ್ಕು ನಗಲಿಲ್ಲ. ನಗುವಂಥದು ಏನೂ ಇಲ್ಲ ಎಂದೇ ಅವನಿಗೆ ಕಂಡಿತು. ಬನ್ಸಿನ ತಟ್ಟೆ ಎದುರಿಗೆ ಎಳೆದುಕೊಂಡ. ಯಾವಾಗಲೂ ತಾನಾಗಿ ಹಣೆಗೆ ಹೋಗುತ್ತಿದ್ದ ಕೈ ಇವತ್ತು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಗೊತ್ತಿಲ್ಲದೆ ಮಾಡುತ್ತಿದ್ದದ್ದು ಗೊತ್ತಾದ ಮೇಲೆ ಬರುವುದು ಕಷ್ಟ. ಮೊದಲು ಎಲ್ಲಿ, ಎಡ ಹೆಗಲೋ ಬಲವೋ ಎಂದು ಕೂಡ ಒಂದು ಗಳಿಗೆ ಮರೆತು ಹೋಯಿತು. ಹಿಂದೆಯೇ ಬಂದು ಪಕ್ಕದ ಮೇಜಿನಲ್ಲಿ ಕೂತಿದ್ದ ಕೆರಿಯಪ್ಪ ಅವನನ್ನೇ ನೋಡುತ್ತಿದ್ದ; ಗಲ್ಲಾಪೆಟ್ಟಿಗೆಯ ಹತ್ತಿರ ಇಬ್ಬರು ಅಡಿಕೆ ವ್ಯಾಪಾರಿಗಳು ಕೂಡ. ಸರಿ ಎಂದುಕೊಂಡು ಪಾಸ್ಕು ಕೊನೆಯ ಬಿಂದು ಎಲ್ಲಿ ಬರಬೇಕೆಂದು ಮೊದಲು ಮನಸ್ಸಿನಲ್ಲಿ ಗುರುತು ಹಾಕಿಕೊಂಡ, ಬಲ ಹೆಗಲ ತುದಿಗೆ. ಆಮೇಲೆ ಕೈಯನ್ನು ಮೇಲೆತ್ತಿ, ಹತ್ತು ಅಡಿ ಬೋರ್ಡಿಗೆ ಬರೆಯುವವನ ಹಾಗೆ ದೊಡ್ಡದಾಗಿ, ಎಲ್ಲರಿಗೂ ಕಾಣುವ ಹಾಗೆ ಶಿಲುಬೆಯ ಗುರುತು ಮಾಡಿದ.

ಕೈ ಎತ್ತಿದ್ದನ್ನು ಕಂಡು ಸಪ್ಲಾಯರ್ ನಾಗಪ್ಪ ಒದ್ದೆ ಬಟ್ಟೆ ಹಿಡಿದುಕೊಂಡೇ ಓಡಿ ಬಂದ.

‘ಎಂತ ಬೇಕು?’

ಪಾಸ್ಕು ಅವನ ಮುಖ ನೋಡಿದ. ಎಷ್ಟು ಸರಳವಾಗಿ ಕೇಳಿದನಲ್ಲ ಈ ಮನುಷ್ಯ. ಹೇಳಲು ಬಾಯಿ ತೆರೆದ, ಕಣ್ಣಲ್ಲಿ ನೀರು ತುಂಬಿ ಬಂತು.

‘ಎರಡು ಚಾ,’ ಎಂದಳು ಕ್ಲಾರಾ, ಕಾಗದ ಮಡಚುತ್ತ. ‘ಒಂದಕ್ಕೆ ಸಕ್ಕರೆ ಕಮ್ಮಿ.’